ಪಿಪೀಲಿಕಾಮಾರ್ಗದ ಚಂದ್ರಯಾತ್ರೆ

ವೇದಾಂತಗ್ರಂಥಗಳ ಪರಿಚಯವುಳ್ಳವರು ವಿಹಂಗಮಮಾರ್ಗ, ಪಿಪೀಲಿಕಾಮಾರ್ಗ ಎಂಬ ಎರಡು ಮಾತುಗಳನ್ನು ಕೇಳಿಯೇ ಇರುವರು. ಮರದ ತುದಿಯಲ್ಲಿ ಹಣ್ಣೊಂದಿರುವುದು. ಹಕ್ಕಿಯು ಒಂದೇ ಹಾರಿಕೆಗೆ ಅದನ್ನು ಸೇರಿಬಿಡುವುದು. ಇರುವೆಯಾದರೋ ಬುಡದಿಂದ ಹೊರಟು, ಕಾಂಡವನ್ನು ಬಳಸಿ, ಕೊಂಬೆಗಳನ್ನು ಸುತ್ತಿ, ಬಹುಕಾಲದ ಮೇಲೆ ಅಲ್ಲಿಗೆ ತಲಪುವುದು. ಸಾಧಕರ ತಾರತಮ್ಯವನ್ನು ತಿಳಿಸುವುದಕ್ಕಾಗಿ ಹಿರಿಯರು ಹೇಳಿದ ಈ ದೃಷ್ಟಾಂತವು ಚಂದ್ರಯಾತ್ರೆಯ ಚರಿತ್ರೆಗೂ ಚೆನ್ನಾಗಿ ಒಪ್ಪುವುದೆಂದು ನನಗೆ ತೋರುತ್ತದೆ.

ಚಂದ್ರನಿಗೆ ಹಕ್ಕಿಯಂತೆ ಹಾರಿದವರ ಕಥೆ ಎಲ್ಲರಿಗೂ ತಿಳಿದಿರುವುದು. 1959ರ ಸೆಪ್ಟೆಂಬರಿನಲ್ಲಿ ರಷ್ಯನ್ನರ ಲೂನಾ–2 ಎಂಬ ಯಂತ್ರವು ಎರಡು ದಿನಗಳೊಳಗಾಗಿ ಚಂದ್ರನ ನೆಲವನ್ನು ಮುಟ್ಟಿತು. 1969ರ ಜುಲೈ 16ರಂದು ಹೊರಟ ಅಮೆರಿಕದವರು 20ರಂದು ಅಲ್ಲಿ ಇಳಿದರು. ಇವು ಶಾಲೆಯ ಮಕ್ಕಳಿಗೂ ಕಂಠಪಾಠವಾಗಿರುವ ಸಂಗತಿಗಳು. ಆದರೆ 2003ರಲ್ಲಿ ಹೊರಟು, ಹದಿಮೂರು ತಿಂಗಳಿಗೂ ಮಿಗಿಲಾದ ಕಾಲ ಭೂಮಿಯನ್ನು ಸುತ್ತಿ ಸುತ್ತಿ, ಇರುವೆಯ ದಾರಿಯಲ್ಲಿ ಚಂದ್ರನನ್ನು ಸೇರಿದ ಒಂದು ಕಿರುಯಂತ್ರವುಂಟು. ಯುರೋಪಿನ ದೇಶಗಳು ಕೂಡಿ ಕಟ್ಟಿದ ಆ ಯಂತ್ರದ ಹೆಸರು ಸ್ಮಾರ್ಟ್–1. ಅದರ ಹೆಸರನ್ನು ಬಲ್ಲವರು ನಮ್ಮಲ್ಲಿ ವಿರಳ. ಮನುಷ್ಯರೇ ನಡೆದಾಡಿ ಬಂದ ಚಂದ್ರನಿಗೆ ಮೂವತ್ತುನಾಲ್ಕು ವರ್ಷಗಳ ತರುವಾಯ ಮನುಷ್ಯರಿಲ್ಲದ ಸಣ್ಣ ಪೆಟ್ಟಿಗೆಯೊಂದನ್ನು ಇಷ್ಟು ನಿಧಾನವಾಗಿ ಕಳುಹಿಸಿದುದರಲ್ಲಿ ಏನು ಹೆಚ್ಚಳ ಎಂದು ಕೇಳುವವರೂ ಇರಬಹುದು. ಆ ಪ್ರಶ್ನೆಯು ಉಪೇಕ್ಷಿಸತಕ್ಕದ್ದಲ್ಲ. ಅದಕ್ಕೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಮೊದಲು ತತ್ತ್ವವನ್ನು ತಿಳಿಯಬೇಕು. ಆಕಾಶದಲ್ಲಿ ಹಿಡಿದು ನೂಕಲು ನೆಲವಿಲ್ಲ, ನೀರಿಲ್ಲ, ಗಾಳಿಯೂ ಇಲ್ಲ. ಆದುದರಿಂದ ಅಲ್ಲಿ ಮುಂದಕ್ಕೆ ಹೋಗತಕ್ಕ ಯಂತ್ರವು ತನ್ನೊಡನೆ ತಂದ ದ್ರವ್ಯವನ್ನು ಹಿಂದಕ್ಕೆ ಎಸೆದೇ ಹೋಗಬೇಕು. ಎಸೆಯುವ ವೇಗವು ಹೆಚ್ಚಿದಷ್ಟೂ ಎಸೆಯಬೇಕಾದ ದ್ರವ್ಯವು ಕಡಮೆಯಾಗುವುದು. ಈ ಲೆಕ್ಕವನ್ನು ರಷ್ಯದ ಉಪಾಧ್ಯಾಯನಾಗಿದ್ದ ತ್ಸಿಯಲ್ಕೋವ್‌ಸ್ಕಿಯು 1903ರಲ್ಲಿಯೇ ಪ್ರಕಟಿಸಿದನು. ಸಾಧಾರಣ ರಾಕೆಟ್ಟಿನಲ್ಲಿ ಇಂಧನವು ಉರಿದು ಹೊರಬೀಳುವ ಅನಿಲದ ವೇಗವು ಸೆಕೆಂಡಿಗೆ ಮೂರು, ನಾಲ್ಕು ಕಿಲೋಮೀಟರುಗಳಷ್ಟು; ಉರಿಯಿಂದ ಅದಕ್ಕಿಂತ ಬಹಳ ಹೆಚ್ಚನ್ನು ಪಡೆಯಲಾಗದು. ಆದರೆ ದ್ರವ್ಯದ ಕಣಗಳಿಗೆ ವಿದ್ಯುದಾವೇಶವನ್ನು ಕೊಟ್ಟು, ವಿದ್ಯುತ್ತಿನ ಸೆಳೆತದಿಂದಲೇ ಅವುಗಳನ್ನು ಓಡಿಸಿದರೆ ಈ ಎಲ್ಲೆಯನ್ನು ಮೀರಬಹುದು. ಹೀಗೆ ಆವೇಶಹೊಂದಿದ ಕಣಕ್ಕೆ ಅಯಾನು ಎಂದು ಹೆಸರು. ಅಮೆರಿಕದ ಗಾಡರ್ಡನು 1906ರಷ್ಟು ಹಿಂದೆಯೇ ತನ್ನ ಟಿಪ್ಪಣಿಯ ಪುಸ್ತಕದಲ್ಲಿ ಇಂಥ ಉಪಾಯವನ್ನು ಕುರಿತು ಯೋಚಿಸಿದ್ದನು.

ಯೋಚನೆಯಿಂದ ಕಾರ್ಯಕ್ಕೆ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 1964ರ ಜುಲೈ 20ರಂದು ಅಮೆರಿಕದವರು ಸರ್ಟ್–1 ಎಂಬ ಯಂತ್ರವನ್ನು ಮೇಲಕ್ಕೆ ಹಾರಿಸಿ ಅದರ ಅಯಾನು ಎಂಜಿನನ್ನು ಅರ್ಧ ಗಂಟೆಯಷ್ಟು ಕಾಲ ನಡೆಯಿಸಿದರು. ಸರಿಯಾಗಿ ಐದು ವರ್ಷಗಳ ತರುವಾಯ, ಅದೇ ಜುಲೈ 20ರಂದು, ಮನುಷ್ಯನು ಚಂದ್ರನ ಮೇಲೆ ಇಳಿದನು. ಎರಡನೆಯ ದಿನವನ್ನು ಲೋಕವು ಕೊಂಡಾಡುವುದು, ಮೊದಲನೆಯದನ್ನು ನೆನೆಯುವವರಿಲ್ಲ. ಅತ್ತ ರಷ್ಯದಲ್ಲಿ ಮೊರೊಜೋವ್ ಮೊದಲಾದ ಶಾಸ್ತ್ರಜ್ಞರು ಬೇರೊಂದು ಬಗೆಯ ಎಂಜಿನನ್ನು ರೂಪಿಸಿದರು. 1879ರಲ್ಲಿ ಎಡ್ವಿನ್ ಹಾಲ್ ಎಂಬಾತನು ಕಂಡುಹಿಡಿದ ವಿದ್ಯುತ್ಕಾಂತ ಪರಿಣಾಮವು ಇದರಲ್ಲಿ ಪ್ರಯೋಜನಕ್ಕೆ ಬರುವುದರಿಂದ ಇದಕ್ಕೆ ಹಾಲ್ ಎಂಜಿನೆಂದು ಹೆಸರಾಯಿತು. 1971ರ ಕೊನೆಯಲ್ಲಿ ಮೇಲೇರಿದ ಮೀಟಿಯರ್ ಎಂಬ ಉಪಗ್ರಹದಲ್ಲಿ ಅದು ಮೊದಲು ಕೆಲಸ ಮಾಡಿತು. ಆದರೆ ಬಹುಕಾಲದವರೆಗೆ ಇಂಥ ಎಂಜಿನುಗಳ ಉದ್ಯೋಗವು ಉಪಗ್ರಹಗಳನ್ನು ತಮ್ಮ ತಮ್ಮ ಸ್ಥಾನಗಳಲ್ಲಿ ಕದಲದಂತೆ ನಿಲ್ಲಿಸುವುದಷ್ಟೇ ಆಗಿದ್ದಿತು. ದೂರಪ್ರಯಾಣಕ್ಕೆ ಅಯಾನು ಎಂಜಿನನ್ನೇ ಮುಖ್ಯಸಾಧನವಾಗಿ ನಂಬಿ ಹೊರಟ ಮೊದಲ ಯಂತ್ರವು 1998ರ ಅಕ್ಟೋಬರಿನಲ್ಲಿ ಹಾರಿದ ಅಮೆರಿಕದ ಡೀಪ್ ಸ್ಪೇಸ್–1. ಅದು ಸೂರ್ಯನನ್ನು ಸುತ್ತುವ ಹಾದಿಯಲ್ಲಿ ಹೋಗಿ ಒಂದು ಕ್ಷುದ್ರಗ್ರಹವನ್ನೂ ಒಂದು ಧೂಮಕೇತುವನ್ನೂ ಕಂಡಿತು. ಭೂಮಿಯ ಬಿಗಿಹಿಡಿತದೊಳಗಿನಿಂದ ಸುತ್ತು ಸುತ್ತಾಗಿ ಮೇಲೇರಿ, ಇನ್ನೊಂದು ಲೋಕದ ಸುತ್ತು ಹಾದಿಗೆ ಇಳಿಯುವ ಸಾಹಸವು ಮಾತ್ರ ಇನ್ನೂ ನಡೆದಿರಲಿಲ್ಲ. ಅದೇ ಸ್ಮಾರ್ಟ್–1ರ ಪಾಲಿಗೆ ಬಂದ ಕೆಲಸ.

ಅದರ ಎಂಜಿನು ಫ್ರಾನ್ಸಿನಲ್ಲಿ ತಯಾರಾದ ಹಾಲ್ ಎಂಜಿನು. ಅದರಲ್ಲಿ ಬಳಸಿದ ದ್ರವ್ಯವು ಕ್ಸೆನಾನ್ ಎಂಬ ಅನಿಲ. 1898ರಲ್ಲಿ ರಾಮ್ಸೆ ಮತ್ತು ಟ್ರಾವರ್ಸ್ ಎಂಬವರು ಗಾಳಿಯಿಂದ ಬೇರ್ಪಡಿಸಿದ ಈ ಅನಿಲವು ಅತ್ಯಲ್ಪವಾಗಿ ದೊರೆಯುವುದರಿಂದ ಅದಕ್ಕೆ ಗ್ರೀಕ್ ಭಾಷೆಯಲ್ಲಿ ಪರಸ್ಥಳದವನು ಎಂಬರ್ಥದ ಹೆಸರನ್ನಿಟ್ಟರು. ಎಂಜಿನಿನಲ್ಲಿ ಬಳೆಯ ಆಕಾರದ ಒಂದು ಕಾಲುವೆಯಿರುವುದು. ಅದರೊಳಕ್ಕೆ ಕ್ಸೆನಾನನ್ನು ಅತಿ ಮಿತವಾಗಿ ಬಿಡುವರು. ಅಡ್ಡಲಾಗಿ ಹರಡಿದ ಕಾಂತಶಕ್ತಿಯು ಎಲೆಕ್ಟ್ರಾನುಗಳನ್ನು ಹೊರಹೋಗಗೊಡದೆ ಬಳೆಯೊಳಗೆ ಗಾಣದ ಎತ್ತಿನಂತೆ ಸುತ್ತಿಸುವುದು. ಸುತ್ತುವ ಎಲೆಕ್ಟ್ರಾನುಗಳು ಕ್ಸೆನಾನಿನ ಪರಮಾಣುಗಳಿಗೆ ಹೊಡೆದು ಅವುಗಳನ್ನು ಅಯಾನುಗಳಾಗಿ ಮಾರ್ಪಡಿಸುವುವು. ಭಾರವುಳ್ಳ ಅಯಾನುಗಳು ಕಾಂತಶಕ್ತಿಗೆ ಅಷ್ಟಾಗಿ ಸಿಕ್ಕದೆ, ವಿದ್ಯುತ್ತಿನ ಸೆಳೆತಕ್ಕೆ ಒಳಗಾಗಿ, ಸೆಕೆಂಡಿಗೆ ಸುಮಾರು 16 ಕಿಲೋಮೀಟರ್ ವೇಗದಿಂದ ಹೊರಕ್ಕೆ ಚಿಮ್ಮುವುವು. ಹೊರಬಿದ್ದ ಅಯಾನುಗಳಿಗೆ ಪುನಃ ಎಲೆಕ್ಟ್ರಾನುಗಳನ್ನು ಕೂಡಿಸಲು ಪಕ್ಕದಲ್ಲಿ ಬೇರೊಂದು ನಳಿಕೆಯುಂಟು. ಇಲ್ಲದಿದ್ದರೆ ಯಂತ್ರದಲ್ಲಿಯೇ ವಿರುದ್ಧ ಆವೇಶವು ಸೇರಿಕೊಂಡು, ಎಸೆದ ಅಯಾನುಗಳನ್ನು ಅದು ಹಿಂದಕ್ಕೆ ಸೆಳೆಯುವುದು. ಇದಕ್ಕೆಲ್ಲ ಬೇಕಾದ ವಿದ್ಯುತ್ತನ್ನು ಸೂರ್ಯನ ಬೆಳಕೇ ಒದಗಿಸುವುದು. ಮನೆಯ ಇಸ್ತ್ರಿಪೆಟ್ಟಿಗೆಗೆ ಬೇಕಾಗುವುದಕ್ಕಿಂತ ಬಹಳ ಹೆಚ್ಚಿನ ವಿದ್ಯುತ್ತೇನೂ ಇದಕ್ಕೆ ಬೇಡ.

ಇಷ್ಟು ಸನ್ನಾಹದಿಂದ ದೊರೆಯುವ ನೂಕುಬಲವಾದರೂ ಎಷ್ಟು? ಸುಮಾರು ಏಳು ಗ್ರಾಂ ತೂಕದಷ್ಟು! ಬರೆಯುವ ಕಾಗದದ ಒಂದೂವರೆ ಹಾಳೆಯನ್ನು ಅಂಗೈಯ ಮೇಲಿಟ್ಟರೆ ಆಗುವ ಭಾರವೇ ಆ ಬಲ. ಯಂತ್ರದ ತೂಕ 367 ಕಿಲೋಗ್ರಾಂ. ಗಂಟೆಗಟ್ಟಲೆ ನೂಕಿದರೂ ಅದರ ವೇಗವು ಮೊದಲ ಗಂಟೆಯ ಕೊನೆಗೆ ಸೆಕೆಂಡಿಗೆ ಎಪ್ಪತ್ತು ಸೆಂಟಿಮೀಟರಿನಷ್ಟೂ ಹೆಚ್ಚಾಗದು. ಮಗುವಿನ ನಡಿಗೆಗೆ ಸಮಾನವೆನ್ನಬಹುದು. ಆದರೆ ಹನಿಗೂಡಿ ಹಳ್ಳವಾಗುವಂತೆ, ದಿನವಿಡೀ ನೂಕಿದರೆ ಸೆಕೆಂಡಿಗೆ ಹದಿನಾರು ಮೀಟರುಗಳಷ್ಟು ಕೂಡಿಕೊಳ್ಳುವುದು. ಯಾತ್ರೆಯು ಮುಗಿಯುವಷ್ಟರಲ್ಲಿ ಈ ಎಂಜಿನು ಒಟ್ಟು ಸುಮಾರು 5000 ಗಂಟೆಗಳ ಕಾಲ ನಡೆದು, ಯಂತ್ರದ ವೇಗದಲ್ಲಿ ಒಟ್ಟಾರೆ ಸೆಕೆಂಡಿಗೆ 3.9 ಕಿಲೋಮೀಟರ್ ವ್ಯತ್ಯಾಸವನ್ನುಂಟುಮಾಡಿತು. ಅಷ್ಟಕ್ಕೂ ವ್ಯಯವಾದ ಕ್ಸೆನಾನ್ ಕೇವಲ 82 ಕಿಲೋಗ್ರಾಂ.

ಯಂತ್ರವನ್ನು ಕಟ್ಟಿದವರಲ್ಲಿ ಮುಖ್ಯರು ಸ್ವೀಡನ್ ದೇಶದವರು. ಅದರ ಒಡಲು ಪ್ರತಿಯೊಂದು ದಿಕ್ಕಿಗೂ ಸುಮಾರು ಒಂದೊಂದು ಮೀಟರ್ ಇದ್ದ ಪೆಟ್ಟಿಗೆ. ಬಿಚ್ಚಿದ ಸೌರಫಲಕಗಳ ರೆಕ್ಕೆಗಳು ಮಾತ್ರ ತುದಿಯಿಂದ ತುದಿಗೆ 14 ಮೀಟರ್. ಪರೀಕ್ಷಣೆಗಾಗಿ ಅದರಲ್ಲಿಟ್ಟ ಉಪಕರಣಗಳೆಲ್ಲ ಸೇರಿ 19 ಕಿಲೋಗ್ರಾಂ. ಒಟ್ಟು ವೆಚ್ಚವು ಸುಮಾರು 11 ಕೋಟಿ ಯೂರೋ ಆಯಿತು; ಆಕಾಶಯಾನಗಳ ಪೈಕಿ ಇದು ಅಲ್ಪವೆಂದೇ ಹೇಳತಕ್ಕದ್ದು.

2003ರ ಸೆಪ್ಟೆಂಬರ್ 27ರ ರಾತ್ರಿ, ನಮ್ಮ ಲೆಕ್ಕದಲ್ಲಿ 28ರ ಬೆಳಗಿನ ಜಾವ, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕುರು ಎಂಬಲ್ಲಿಂದ ಏರಿಯಾನ್–5 ರಾಕೆಟ್ಟು ಮೇಲೇರಿತು. ಅದರಲ್ಲಿ ಮೂವರು ಸಹಪ್ರಯಾಣಿಕರಿದ್ದರು. ಅವರಲ್ಲಿ ಹಿರಿಯದು ಭಾರತದ ಇನ್‌ಸ್ಯಾಟ್–3ಇ ಎಂಬ ಉಪಗ್ರಹ. ಬೆಂಗಳೂರಿನಲ್ಲಿ ಸಿದ್ಧವಾದ ಅದರ ಯೋಗಕ್ಷೇಮವು ಹಾಸನದ ನಿಯಂತ್ರಣ ಕೇಂದ್ರದ ಹೊಣೆಯಾಗಿದ್ದಿತು. ಎರಡನೆಯದು ಯುರೋಪಿನ ಇ–ಬರ್ಡ್. ಮೂರನೆಯದೇ ನಮ್ಮ ಕಥೆಯ ಸ್ಮಾರ್ಟ್–1. ಒಂದೇ ಬಂಡಿಯಲ್ಲಿ ಹೊರಟು ಒಂದೇ ನಿಲ್ದಾಣದಲ್ಲಿ ಇಳಿದ ಇವುಗಳ ಮುಂದಿನ ನಡಗೆಯನ್ನು ಹೋಲಿಸಿ ನೋಡುವುದು ಬೋಧಪ್ರದವಾಗಿದೆ. ಇನ್‌ಸ್ಯಾಟ್ ಉಪಗ್ರಹವು ದ್ರವ ಇಂಧನವನ್ನು ಉರಿಸಿ ಕೆಲವೇ ದಿನಗಳಲ್ಲಿ 36,000 ಕಿಲೋಮೀಟರ್ ಎತ್ತರದ ತನ್ನ ನೆಲೆಯತ್ತ ಸಾಗಿತು. ಸ್ಮಾರ್ಟ್–1 ಆದರೋ ಸೆಪ್ಟೆಂಬರ್ 30ರಂದು ತನ್ನ ಎಂಜಿನನ್ನು ಮೊದಲ ಸಲ ಹೊತ್ತಿಸಿಕೊಂಡು, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ತನ್ನ ಸುತ್ತು ಹಾದಿಯನ್ನು ಹಿಗ್ಗಿಸತೊಡಗಿತು.

ನಿಧಾನದ ದಾರಿಯಲ್ಲಿ ನಿಧಾನದ ಕಷ್ಟಗಳೇ ಇರುವುವು. ಭೂಮಿಯ ಸುತ್ತಲೂ ತೀವ್ರಕಣಗಳಿಂದ ತುಂಬಿದ ವಲಯಗಳಿವೆ. ಹಕ್ಕಿಯಂತೆ ಹಾರುವ ಯಂತ್ರವು ಕೆಲವು ಗಂಟೆಗಳಲ್ಲಿ ಅವನ್ನು ದಾಟಿಬಿಡುವುದು. ಸ್ಮಾರ್ಟ್–1 ಮೂರು ತಿಂಗಳಿಗೂ ಹೆಚ್ಚು ಕಾಲ ಅವುಗಳಲ್ಲಿ ಹಾದು ಹಾದು ಹೋಗಬೇಕಾಯಿತು. ಇದು ಸಾಲದೆಂಬಂತೆ 2003ರ ಅಕ್ಟೋಬರ್ ಕೊನೆಯಲ್ಲಿ ಸೂರ್ಯನ ಮೇಲೆ ಮಹಾಸ್ಫೋಟಗಳಾಗಿ ಕಣಗಳ ಪ್ರವಾಹವೇ ಹರಿದು ಬಂದಿತು. ನಕ್ಷತ್ರಗಳನ್ನು ನೋಡಿ ದಿಕ್ಕನ್ನು ತಿಳಿಯುವ ಯಂತ್ರದ ಕಣ್ಣು ಮಂಕಾಯಿತು. ಎಂಜಿನು ತಾನಾಗಿಯೇ ಆರಿಹೋಯಿತು. ಅನಂತರವೂ ಅದು ಹಲವು ಸಲ ಹೀಗೆ ಆರಿತು. ಜರ್ಮನಿಯ ಡಾರ್ಮ್‌ಸ್ಟಾಟ್ ನಗರದ ನಿಯಂತ್ರಣ ಕೇಂದ್ರದವರು ಕಾರಣವನ್ನು ಶೋಧಿಸಲಾಗಿ, ಕಣಗಳ ಹೊಡೆತದಿಂದ ಎಂಜಿನಿನ ವಿದ್ಯುನ್ಮಂಡಲದಲ್ಲಿ ಸುಳ್ಳು ಸೂಚನೆಗಳು ಹುಟ್ಟಿ ಅದನ್ನು ನಿಲ್ಲಿಸುತ್ತಿದ್ದುವೆಂದು ತಿಳಿಯಿತು. ಆಗ ಅವರು ಎಂಜಿನು ಆರಿದರೆ ತಾನಾಗಿಯೇ ಮತ್ತೆ ಹೊತ್ತಿಕೊಳ್ಳುವಂತೆ ಯಂತ್ರಕ್ಕೆ ಹೊಸ ಆದೇಶಗಳನ್ನು ಕಳುಹಿಸಿದರು. 2004ರ ಜನವರಿಯ ಹೊತ್ತಿಗೆ ಅಪಾಯದ ವಲಯವು ಹಿಂದೆ ಉಳಿಯಿತು. ಮಾರ್ಚಿಯಲ್ಲಿ ಇನ್ನೊಂದು ಪರೀಕ್ಷೆ: ಭೂಮಿಯ ನೆರಳಿನಲ್ಲಿ ದೀರ್ಘಕಾಲ ಹಾದುಹೋಗಬೇಕಾಗಿ ಬಂದುದರಿಂದ, ಬೆಳಕಿಲ್ಲದೆ ಎಂಜಿನನ್ನು ನಡೆಯಿಸದೆ, ಬ್ಯಾಟರಿಯಲ್ಲಿ ಕೂಡಿಟ್ಟ ಶಕ್ತಿಯಿಂದಲೇ ಜೀವವನ್ನು ಹಿಡಿದುಕೊಳ್ಳಬೇಕಾಯಿತು.

ಹಾದಿಯು ಸಾಕಷ್ಟು ದೊಡ್ಡದಾದ ಮೇಲೆ ಚಂದ್ರನೇ ನೆರವಿಗೆ ಬಂದನು. 2004ರ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಒಂದೊಂದು ಸಲ ಯಂತ್ರವು ತನ್ನ ಸುತ್ತಿನ ತುತ್ತತುದಿಗೆ ಬರುವ ಸಮಯದಲ್ಲಿ ಚಂದ್ರನು ಹತ್ತಿರದಲ್ಲಿರುವಂತೆ ಲೆಕ್ಕಹಾಕಿದ್ದರು. ಅವನ ಸೆಳೆತವು ಕ್ಸೆನಾನನ್ನು ವ್ಯಯಿಸದೆಯೇ ಹಾದಿಯನ್ನು ಹಿಗ್ಗಿಸಿಕೊಟ್ಟಿತು. ನವೆಂಬರಿನಲ್ಲಿ ಯಂತ್ರವು ಭೂಮಿಯ ಹಿಡಿತವೂ ಚಂದ್ರನ ಹಿಡಿತವೂ ಸರಿದೂಗುವ ಸೀಮೆಯನ್ನು ಮೆಲ್ಲನೆ ದಾಟಿತು. 15ರಂದು ಮೊದಲ ಸಲ ಚಂದ್ರನ ನೆಲದಿಂದ ಸುಮಾರು 5000 ಕಿಲೋಮೀಟರ್ ಸಮೀಪಕ್ಕೆ ಬಂದು, ಎಂಜಿನನ್ನು ಹೊತ್ತಿಸಿ, ಅವನ ಸುತ್ತು ಹಾದಿಯಲ್ಲಿ ನೆಲೆಸತೊಡಗಿತು. ಅಷ್ಟರಲ್ಲಿ ಅದು ಭೂಮಿಯನ್ನು 332 ಸಲ ಸುತ್ತಿದ್ದಿತು. ಸುಮಾರು ನಾಲ್ಕು ಲಕ್ಷ ಕಿಲೋಮೀಟರ್ ದೂರದ ಊರಿಗೆ ಅದು ನಡೆದ ದಾರಿ ಎಂಟು ಕೋಟಿ ಕಿಲೋಮೀಟರಿಗೂ ಮಿಗಿಲು. ಇಷ್ಟು ದಾರಿಗೆ ಹಿಡಿದ ಕ್ಸೆನಾನ್ ಅರುವತ್ತು ಕಿಲೋಗ್ರಾಂ ಒಳಗೆ. ಮಿತವ್ಯಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಉಳಿತಾಯವಾದ ಅನಿಲವು ಯಂತ್ರದ ಆಯುಸ್ಸನ್ನು ಹೆಚ್ಚಿಸಿತು. ಮೊದಲು ಚಂದ್ರನ ಬಳಿ ಆರು ತಿಂಗಳ ಕೆಲಸವನ್ನು ಮಾತ್ರ ನಿಶ್ಚಯಿಸಿದ್ದರು. 2005ರ ಫೆಬ್ರವರಿಯಲ್ಲಿ ಅದನ್ನು ಇನ್ನೂ ಒಂದು ವರ್ಷಕ್ಕೆ ವಿಸ್ತರಿಸಿದರು. ಕಿರುಯಂತ್ರದ ಕ್ಯಾಮೆರವು ಚಂದ್ರನ ಉತ್ತರ ಧ್ರುವದ ಸಮೀಪದಲ್ಲಿ, ಅಲ್ಲಿಯ ಚಳಿಗಾಲದಲ್ಲಿಯೂ ಬಿಸಿಲು ತಪ್ಪದ ಎತ್ತರದ ಸ್ಥಳಗಳನ್ನು ಚಿತ್ರಿಸಿತು. ಮುಂದೆ ಚಂದ್ರನಲ್ಲಿ ನೆಲೆಯೂರಬಯಸುವವರಿಗೆ ಇಂಥ ಸ್ಥಳಗಳು ಮುಖ್ಯವಾದುವು. ಇನ್ನೊಂದು ಉಪಕರಣವು ಎಕ್ಸ್‌ಕಿರಣಗಳನ್ನು ಅಳೆಯತಕ್ಕದ್ದು. ಸೂರ್ಯನ ಎಕ್ಸ್‌ಕಿರಣಗಳು ಚಂದ್ರನ ಮಣ್ಣಿಗೆ ತಾಗಿದಾಗ ಅಲ್ಲಿಯ ಒಂದೊಂದು ಧಾತುವೂ ತನ್ನದೇ ಆದ ಗುರುತಿನ ಕಿರಣವನ್ನು ಹೊರಸೂಸುವುದು. 2005ರ ಜನವರಿ 15ರಂದು ಸೂರ್ಯನಲ್ಲಿ ಸ್ಫೋಟವಾದ ವೇಳೆಯಲ್ಲಿ ಈ ಉಪಕರಣವು ಚಂದ್ರನ ಮಣ್ಣಿನಲ್ಲಿ ಕ್ಯಾಲ್ಸಿಯಮ್ಮಿನ ಗುರುತನ್ನು ಕಂಡಿತು. ಸುತ್ತು ಹಾದಿಯಿಂದ ಆ ಧಾತುವನ್ನು ಹೀಗೆ ಗುರುತಿಸಿದುದು ಅದೇ ಮೊದಲು. ಮೂರನೆಯ ಉಪಕರಣವು ಕಣ್ಣಿಗೆ ಕಾಣದ ಕೆಂಪುಮೀರಿದ ಬೆಳಕಿನಲ್ಲಿ ಖನಿಜಗಳನ್ನು ಪರೀಕ್ಷಿಸಿತು.

2005ರ ಸೆಪ್ಟೆಂಬರಿನಲ್ಲಿ ಕ್ಸೆನಾನ್ ಬರಿದಾಯಿತು. ನೂಕುವವರಿಲ್ಲದ ಯಂತ್ರದ ಹಾದಿಯು ಭೂಮಿಯ ಸೆಳೆತದಿಂದ ಕ್ರಮೇಣ ಕೆಳಗಿಳಿಯತೊಡಗಿತು. ಸುಮ್ಮನೆ ಬಿಟ್ಟಿದ್ದರೆ ಅದು 2006ರ ಆಗಸ್ಟಿನಲ್ಲಿ ಭೂಮಿಗೆ ಕಾಣದ ಹಿಂಬದಿಯಲ್ಲಿ ಬಿದ್ದುಹೋಗುತ್ತಿತ್ತು. ಬೀಳುವುದಾದರೂ ನೋಡುವವರ ಕಣ್ಣಮುಂದೆ ಬಿದ್ದರೆ ಅದರಿಂದಲೂ ಒಂದು ಪಾಠವನ್ನು ಕಲಿಯಬಹುದೆಂದು ಬಗೆದ ಶಾಸ್ತ್ರಜ್ಞರು, ಯಂತ್ರವನ್ನು ಹೊರಳಿಸುವುದಕ್ಕಾಗಿ ಇಟ್ಟಿದ್ದ ಸಣ್ಣ ನಳಿಕೆಗಳ ಇಂಧನವನ್ನು ಉಪಯೋಗಿಸಿ ಪತನವನ್ನು ಸೆಪ್ಟೆಂಬರ್ 3ಕ್ಕೆ ಮುಂದೂಡಿದರು. ಕೊನೆಯ ಎರಡು ದಿನಗಳಲ್ಲಿ ಮತ್ತೊಂದು ವಿಘ್ನವು ತೋರಿತು. ಕ್ಲಾಸಿಯಸ್ ಎಂಬ ಕುಳಿಯ ಅಂಚು ದಾರಿಗೆ ಅಡ್ಡವಾಗಿ, ಯಂತ್ರವು ಒಂದು ಸುತ್ತು ಮುಂಚಿತವಾಗಿಯೇ ಅಲ್ಲಿಗೆ ಬಡಿಯಬಹುದೆಂದು ತಿಳಿದುಬಂದಿತು. ಕೂಡಲೆ ಹಾದಿಯನ್ನು ಸುಮಾರು 600 ಮೀಟರ್ ಮೇಲಕ್ಕೆತ್ತಿದರು. ಸೆಪ್ಟೆಂಬರ್ 3ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 11 ಗಂಟೆ 12 ನಿಮಿಷಕ್ಕೆ, ಸ್ಮಾರ್ಟ್–1 ಸೆಕೆಂಡಿಗೆ 2 ಕಿಲೋಮೀಟರ್ ವೇಗದಿಂದ, ನೆಲಕ್ಕೆ ಬಹುಮಟ್ಟಿಗೆ ಸಮಾಂತರವಾಗಿಯೇ ಸಾಗಿ ಬಂದು, ಚಂದ್ರನ ದಕ್ಷಿಣಭಾಗದ ಬಯಲೊಂದಕ್ಕೆ ಬಡಿಯಿತು. ಆ ಬಯಲಿಗೆ ಖಗೋಳಜ್ಞರು ಕೊಟ್ಟಿರುವ ಲ್ಯಾಟಿನ್ ಹೆಸರನ್ನು ಕನ್ನಡಿಸಿದರೆ ಉತ್ಕೃಷ್ಟತೆಯ ಸರೋವರ ಎಂದಾಗುವುದು. ಹವಾಯಿ ದ್ವೀಪದ ಒಂದು ದೊಡ್ಡ ದೂರದರ್ಶಕದಲ್ಲಿ ಆ ಕ್ಷಣದ ಮಿಂಚು ಕಾಣಿಸಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ಮಾರ್ಗದ ನ್ಯೂನತೆಗಳನ್ನು ಮರೆಮಾಚುವುದು ನ್ಯಾಯವಲ್ಲ. ಏಳು ಗ್ರಾಂ ಬಲದ ಎಂಜಿನು ಭೂಮಿಯ ನೆಲದಿಂದ ಒಂದು ಕಾಯಿಯನ್ನೂ ಎತ್ತಲಾರದು. ಮೊದಲು ಏರಿಯಾನ್ ರಾಕೆಟ್ಟಿನ ಹೆಗಲ ಮೇಲೆ ಕುಳಿತೇ ಅದು ಮೇಲಕ್ಕೆ ಹೋಗಬೇಕಾಯಿತು. ತಿಂಗಳುಗಟ್ಟಲೆ ತೀವ್ರಕಣಗಳ ನಡುವೆ ಸುಳಿದಾಡುವ ಈ ದಾರಿಯು ಮನುಷ್ಯರ ಪ್ರಯಾಣಕ್ಕೆ ತಕ್ಕುದಲ್ಲ. ಇರುವೆಯು ಹಕ್ಕಿಯನ್ನು ಹಳಿಯಬೇಕಾದುದಿಲ್ಲ. ಆದರೆ ಚಂದ್ರನನ್ನು ಮುಟ್ಟುವುದೇ ಸ್ಮಾರ್ಟ್–1ರ ಪರಮೋದ್ದೇಶವಾಗಿರಲಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು. ದೂರದ ಗ್ರಹಗಳಿಗೆ ಹೋಗುವ ಭಾರದ ಯಂತ್ರಗಳಿಗೆ ಇಂಧನದ ಹೊರೆಯೇ ದೊಡ್ಡ ಶತ್ರು. ಅವುಗಳಿಗೆ ಈ ಮಿತವ್ಯಯದ ಮಾರ್ಗವು ಒದಗುವುದೇ, ಎಂಜಿನು ಸಾವಿರಾರು ಗಂಟೆ ಬಾಳುವುದೇ, ದೊಡ್ಡ ಗ್ರಹದ ಹಿಡಿತದಿಂದ ಹೊರಟು ಚಿಕ್ಕ ಲೋಕದ ಹಿಡಿತಕ್ಕೆ ನಯವಾಗಿ ಇಳಿಯಬಹುದೇ ಎಂಬುದನ್ನು ಕಡಮೆ ವೆಚ್ಚದಲ್ಲಿ ಪರೀಕ್ಷಿಸಿ ನೋಡಬೇಕಾಗಿತ್ತು. ಚಂದ್ರನು ಆ ಪರೀಕ್ಷೆಯ ಅಂಗಳವಾದನು.

ಪರೀಕ್ಷೆಯ ಫಲವು ಮುಂದಿನವರಿಗೆ ಸಂದಿತು. 2018ರ ಅಕ್ಟೋಬರ್ 20ರಂದು ಯುರೋಪಿನವರೂ ಜಪಾನಿನವರೂ ಕೂಡಿ ಬುಧಗ್ರಹಕ್ಕೆ ಹೊರಡಿಸಿದ ಬೆಪಿಕೊಲೊಂಬೊ ಎಂಬ ಯಂತ್ರವು ನಾಲ್ಕು ಸಾವಿರ ಕಿಲೋಗ್ರಾಂ ಮೀರಿದ ತೂಕದ್ದು. ಅದು ವಿದ್ಯುತ್ತಿನ ಎಂಜಿನುಗಳನ್ನೇ ನಂಬಿ ಹೊರಟಿತು. ನಮ್ಮ ದೇಶಕ್ಕೂ ಒಂದು ಪಾಲು ಬಂದುದನ್ನು ಇಲ್ಲಿ ಹೇಳಬೇಕು. 2008ರ ಅಕ್ಟೋಬರ್ 22ರಂದು ಶ್ರೀಹರಿಕೋಟೆಯಿಂದ ಹೊರಟ ಚಂದ್ರಯಾನ–1ರಲ್ಲಿ ಹನ್ನೊಂದು ಉಪಕರಣಗಳಿದ್ದುವು. ಅವುಗಳಲ್ಲಿ ಎರಡು ಸ್ಮಾರ್ಟ್–1ರ ಉಪಕರಣಗಳ ಸಂತತಿ. ಎಕ್ಸ್‌ಕಿರಣಗಳ ಮಾಪಕವನ್ನು ಇಂಗ್ಲೆಂಡಿನ ರದರ್‌ಫರ್ಡ್ ಆ್ಯಪಲ್ಟನ್ ಪ್ರಯೋಗಾಲಯದವರು ಬೆಂಗಳೂರಿನ ಉಪಗ್ರಹ ಕೇಂದ್ರದವರೊಡನೆ ಕೂಡಿ ಹೊಸದಾಗಿ ಸಿದ್ಧಪಡಿಸಿದರು. ಕೆಂಪುಮೀರಿದ ಬೆಳಕಿನ ಮಾಪಕವು ಜರ್ಮನಿಯಿಂದ ಬಂದಿತು. ಬೆಂಗಳೂರಿನ ಸಮೀಪದ ಬ್ಯಾಲಾಳು ಗ್ರಾಮದಲ್ಲಿ ನಿಲ್ಲಿಸಿದ ದೊಡ್ಡ ಆ್ಯಂಟೆನಾಗಳು ಅವುಗಳ ವಾರ್ತೆಯನ್ನು ಕೇಳಿದುವು. ಕುರುವಿನಲ್ಲಿ ಒಂದೇ ರಾಕೆಟ್ಟಿನಲ್ಲಿ ಆದ ಸಹಪ್ರಯಾಣವು ಆಕಸ್ಮಿಕವಾದುದು. ಚಂದ್ರಯಾನದಲ್ಲಿ ಆದ ಈ ಸಂಬಂಧವು ಬುದ್ಧಿಪೂರ್ವಕವಾದುದು. ವಿದ್ಯುತ್ತಿನಿಂದ ನೂಕುವ ವಿದ್ಯೆಯನ್ನೂ ನಮ್ಮವರು ಕೈಬಿಡಲಿಲ್ಲ. 2017ರ ಮೇ 5ರಂದು ಹಾರಿದ ಜಿಸ್ಯಾಟ್–9 ಉಪಗ್ರಹದಲ್ಲಿ ಕ್ಸೆನಾನ್ ಬಳಸುವ ಎಂಜಿನುಗಳನ್ನು ಇಟ್ಟು ಪರೀಕ್ಷಿಸಿದರು.

ಚರಿತ್ರೆಯನ್ನು ಬರೆಯುವವರು ಮೊದಲು ಮುಟ್ಟಿದವರು ಯಾರು, ಮೊದಲು ಇಳಿದವರು ಯಾರು ಎಂದೇ ವಿಚಾರಿಸುವುದು ವಾಡಿಕೆ. ಅದು ತಪ್ಪಲ್ಲ; ಆದರೆ ಅಷ್ಟೇ ಸಾಲದು. ಹೋಗುವ ದಾರಿಯನ್ನು ಪರೀಕ್ಷಿಸಿ, ಅದರ ಕಷ್ಟಗಳನ್ನು ತಾನು ಪಟ್ಟು, ಲೆಕ್ಕವನ್ನು ಇತರರ ಕೈಗೆ ಒಪ್ಪಿಸಿದವರಿಗೂ ಅದರಲ್ಲಿ ಒಂದು ಪುಟವಿರಬೇಕು. ವ್ಯಾಕರಣವನ್ನು ಓದಿದವರಿಗೆ ಇದು ಹೊಸ ಮಾತಲ್ಲ: ಸೂತ್ರಕಾರನ ಹೆಸರು ಎಲ್ಲರ ಬಾಯಲ್ಲಿದ್ದರೂ, ಒಂದೊಂದು ಪ್ರಯೋಗವನ್ನೂ ತೂಗಿ ನೋಡಿದ ವೃತ್ತಿಕಾರರಿಲ್ಲದಿದ್ದರೆ ಶಾಸ್ತ್ರವು ನಮ್ಮವರೆಗೆ ಬರುತ್ತಿರಲಿಲ್ಲ.

ಸ್ಮಾರ್ಟ್–1 ಬಿದ್ದ ಸ್ಥಳವು ಹನ್ನೊಂದು ವರ್ಷಗಳಿಗೂ ಹೆಚ್ಚು ಕಾಲ ನಿಶ್ಚಿತವಾಗಿ ಯಾರಿಗೂ ಗೊತ್ತಿರಲಿಲ್ಲ. ಚಂದ್ರನನ್ನು ಸುತ್ತುವ ಅಮೆರಿಕದ ಯಂತ್ರವೊಂದು ತೆಗೆದ ಚಿತ್ರಗಳಲ್ಲಿ ಅದನ್ನು ಹುಡುಕಿ ಗುರುತಿಸಿದ ಸುದ್ದಿಯು 2017ರಲ್ಲಿ ಸಾರ್ವಜನಿಕರಿಗೆ ತಿಳಿಯಿತು. ಅಲ್ಲಿರುವುದು ದೊಡ್ಡ ಕುಳಿಯೇನೂ ಅಲ್ಲ. ನಾಲ್ಕು ಮೀಟರ್ ಅಗಲ, ಇಪ್ಪತ್ತು ಮೀಟರ್ ಉದ್ದವಾಗಿ, ನೇಗಿಲಿನಿಂದ ಎಳೆದ ಸಾಲಿನಂತೆ ನೆಲವನ್ನು ಕೆರೆದು ಹೋದ ಒಂದು ಗೆರೆ. ಗಾಳಿಮಳೆಗಳಿಲ್ಲದ ಆ ಲೋಕದಲ್ಲಿ ಅದು ಬಹುಕಾಲ ಹಾಗೆಯೇ ಉಳಿಯುವುದು.